ಹುಣ್ಣಿಗೆ ರಕ್ತ ತೆಳು ಮಾಡುವ ಮಾತ್ರೆ ಯಾಕೆ?

"ಎಂತ ಡಾಕ್ಟ್ರೇ, ಕಾಲಲ್ಲಿ ಹುಣ್ಣು ಉಂಟು, ಅದಕ್ಕೆ ರಕ್ತ ತೆಳು ಮಾಡುವ ಮಾತ್ರೆಯಾ?" ಮಂಗಳೂರಿನ ನನ್ನ ಚರ್ಮರೋಗ ಕ್ಲಿನಿಕ್ಕಿನಲ್ಲಿ ಹೀಗೆ ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಕೇಳದೆ ಮನೆಗೆ ಹೋಗಿ ಮಾತ್ರೆ ಬಿಟ್ಟು, ಬರೀ ಮುಲಾಮು ಹಚ್ಚಿಕೊಂಡು ಕೂರುವವರ ಮೇಲೆ ಉಂಟು.

ಈ ಮಾತ್ರೆ ಬರೆಯುವುದು ಲಿವೆಡಾಯ್ಡ್ ವಾಸ್ಕ್ಯುಲೋಪತಿ ಎಂಬ ಅಪರೂಪದ ಕಾಯಿಲೆಗೆ. ಹೆಂಗಸರಲ್ಲಿ ಜಾಸ್ತಿ. ಪಾದದ ಗಂಟಿನ ಸುತ್ತ ಸಣ್ಣ ಹುಣ್ಣುಗಳು, ಆದರೆ ನೋವು ವಿಪರೀತ. ಮಾಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಕಾಲಿನ ಹುಣ್ಣೆಲ್ಲ ಇದೇ ಅಲ್ಲ. ಉಬ್ಬಿದ ರಕ್ತನಾಳ, ಶುಗರ್‌ನಿಂದ ಆಗುವುದೇ ಹೆಚ್ಚು. ಖಚಿತವಾಗಲು ಬಯಾಪ್ಸಿ, ಅಂದರೆ ಚರ್ಮದ ಸಣ್ಣ ತುಂಡು ತೆಗೆದು ಮಾಡುವ ಪರೀಕ್ಷೆ, ಬೇಕಾಗುತ್ತದೆ.

ಇಲ್ಲಿ ಚರ್ಮ ಸಾಯುವುದು ರಕ್ತ ಸೋರಿ ಅಲ್ಲ, ರಕ್ತ ತಲುಪದೆ. ಚರ್ಮದೊಳಗಿನ ಅತಿ ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಅಡಿಕೆ ತೋಟದ ಡ್ರಿಪ್ ಪೈಪು ಕಟ್ಟಿಕೊಂಡರೆ ಬುಡಕ್ಕೆ ಗೊಬ್ಬರ ಸುರಿದು ಏನು ಪ್ರಯೋಜನ? ಮುಲಾಮಿನ ಕಥೆಯೂ ಅಷ್ಟೆ. ಮಾತ್ರೆ ಹೊಸ ಹೆಪ್ಪು ಕಟ್ಟದಂತೆ ತಡೆಯುತ್ತದೆ. ರಕ್ತ ಚರ್ಮಕ್ಕೆ ಮುಟ್ಟಿದರೆ ತಾನೇ ಹುಣ್ಣು ಮಾಗುವುದು? ಮಾಗಿತು ಅಂತ ನೀವೇ ಮಾತ್ರೆ ನಿಲ್ಲಿಸಿದರೆ ಹುಣ್ಣು ಮತ್ತೆ ಬರಬಹುದು.

ರಕ್ತ ಟೆಸ್ಟ್ ಮಾಡಿದರೆ ಕೆಲವರಲ್ಲಿ ರಕ್ತ ಬೇಗ ಹೆಪ್ಪುಗಟ್ಟಿಸುವ ದೋಷಗಳು, ಅಂದರೆ ಪ್ರೋಟೀನ್ ಸಿ ಅಥವಾ ಎಸ್ ಕೊರತೆ, ಫ್ಯಾಕ್ಟರ್ ಫೈವ್ ಲೀಡನ್, ಆಂಟಿಫಾಸ್ಫೋಲಿಪಿಡ್ ಆಂಟಿಬಾಡಿ ಸಿಗುತ್ತವೆ. ಎಲ್ಲ ನಾರ್ಮಲ್ ಬಂದರೂ ಕಾಯಿಲೆ ಇರಬಹುದು. ಆ ಆಂಟಿಬಾಡಿ ಸೋಂಕು ಬಂದಾಗಲೂ ಸ್ವಲ್ಪ ಕಾಲ ಕಾಣಿಸಿಕೊಳ್ಳುತ್ತದೆ. ಅದಕ್ಕೇ 12 ವಾರ ಬಿಟ್ಟು ಮತ್ತೆ ಟೆಸ್ಟ್, ದುಡ್ಡು ಹೊಡೆಯಲಿಕ್ಕಲ್ಲ.

ರಕ್ತ ತೆಳು ಮಾಡುವ ಮಾತ್ರೆಗಳಲ್ಲಿ ವಾರ್ಫರಿನ್ ಕೊಟ್ಟರೆ ಬಸಳೆಯ ಪಂಚಾಯ್ತಿ ಶುರು. ಸೊಪ್ಪಿನ ವಿಟಮಿನ್ ಕೆ ಈ ಮಾತ್ರೆಯ ಶಕ್ತಿ ತಗ್ಗಿಸುತ್ತದೆ. ಬೀಡಿ ಕಟ್ಟುವ ಒಬ್ಬ ಅಕ್ಕ ಅದನ್ನು ಕೇಳಿ ಬಸಳೆಯನ್ನೇ ಬಿಟ್ಟರು. ಆಮೇಲೆ ಮಗಳ ಮನೆಯಲ್ಲಿ ಎಟ್ಟಿ (ಸಿಗಡಿ) ಹಾಕಿದ ಬಸಳೆ ಗಸಿ ನೋಡಿದ್ದೇ ತಡ, ಮೂರು ಹೊತ್ತೂ ಅದೇ! ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ತೋರಿಸುವ ಅಳತೆ, ಏರುಪೇರು. "ಬಿಡಬೇಡಿ ಮಾರಾಯ್ತಿ, ಪ್ರತಿ ವಾರ ಹೆಚ್ಚುಕಮ್ಮಿ ಅಷ್ಟೇ ತಿನ್ನಿ" ಅಂದೆ. ಈಗ ಸರಿಯಾಗಿದ್ದಾರೆ. ನನಗೆ ಗಸಿ ಮಾತ್ರ ಇನ್ನೂ ಬಂದಿಲ್ಲ.

ಇದನ್ನು ಓದಿ ಮೆಡಿಕಲ್‌ನಿಂದ ಸುಮ್ನೆ ಆಸ್ಪಿರಿನ್ ತಂದು ನುಂಗಬೇಡಿ. ಮಾತ್ರೆ ತೆಗೆದುಕೊಳ್ಳುತ್ತಿರುವವರು ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ಹೇಳಿ. ಈ ಮಾತ್ರೆಯಿಂದ ಒಳಗೇ ರಕ್ತ ಸೋರಬಹುದು, ಹಾಗಾಗಿ ಮಲ ಕಪ್ಪಾಗಿದ್ದರೆ, ತಲೆಗೆ ಪೆಟ್ಟು ಬಿದ್ದರೆ ನೇರ ಆಸ್ಪತ್ರೆಗೆ ಹೋಗಿ, ನನ್ನ ಕ್ಲಿನಿಕ್ ತೆರೆಯುವವರೆಗೆ ಕಾಯಬೇಡಿ.