15 ಇಂಚಿನಿಂದ 16ಕ್ಕೆ: ಅಲಾಯ್ ವೀಲಿನ ಆಫ್‌ಸೆಟ್ ಎಷ್ಟಿರಬೇಕು?

ಪ್ರಶ್ನೆ: ನನ್ನದು 2019ರ ಸ್ವಿಫ್ಟ್. ಕಂಪನಿಯಿಂದ ಬಂದದ್ದು 15 ಇಂಚಿನ ವೀಲು, 185/65 ಆರ್15 ಟಯರು. ಅಂಗಡಿಯಲ್ಲಿ 16 ಇಂಚಿನ ಅಲಾಯ್ ನೋಡಿ ಮನಸ್ಸಾಗಿದೆ. 7ಜೆ ಅಗಲ, ಇಟಿ 35 ಎಂದು ಅದರ ಮೇಲೆ ಬರೆದಿದೆ. 205/55 ಟಯರ್ ಹಾಕಿ ಕೊಡುತ್ತೇವೆ, ಆರಾಮಾಗಿ ಕೂರುತ್ತೆ ಅಂತಾರೆ. ಹಾಕಿಸಬಹುದಾ? ಈ ಆಫ್‌ಸೆಟ್ ಅಂದರೆ ಏನು, ನನ್ನ ಗಾಡಿಗೆ ಎಷ್ಟಿರಬೇಕು?

ಉತ್ತರ: ಆ ವೀಲು ಬೇಡ. 16 ಇಂಚು ಹಾಕಿಸಲೇಬೇಕೆಂದಿದ್ದರೆ 6ಜೆ ಅಗಲದ್ದನ್ನು, ಅಂದರೆ ರಿಮ್ಮು 6 ಇಂಚು ಅಗಲ ಇರುವುದನ್ನು ಹುಡುಕಿ. ಅದರ ಆಫ್‌ಸೆಟ್ ನಿಮ್ಮ ಈಗಿನ ವೀಲಿನ ಆಫ್‌ಸೆಟ್‌ಗಿಂತ ಐದು ಮಿ.ಮೀ.ಗಿಂತ ಹೆಚ್ಚು ಆಚೀಚೆ ಆಗಬಾರದು. ಟಯರು 195/55 ಆರ್16 ಇರಲಿ. ಯಾಕೆ ಅನ್ನುವುದನ್ನು ಲೆಕ್ಕದ ಸಮೇತ ಹೇಳುತ್ತೇನೆ. ಈ ಲೆಕ್ಕ ಗೊತ್ತಿದ್ದರೆ ಮುಂದೆ ಯಾವ ಅಂಗಡಿಯಲ್ಲಿ ಯಾವ ವೀಲು ತೋರಿಸಿದರೂ ನೀವೇ ನಿರ್ಧರಿಸಬಹುದು.

ವ್ಯಾಸದ ವಿಷಯ ಸುಲಭ, ಮೊದಲು ಅದನ್ನು ಮುಗಿಸೋಣ. 185/65 ಆರ್15 ಅಂದರೆ ಟಯರಿನ ಅಗಲ 185 ಮಿ.ಮೀ., ಸೈಡ್‌ವಾಲ್ (ಟಯರಿನ ಪಕ್ಕದ ಗೋಡೆ) ಎತ್ತರ ಅದರ ಶೇ. 65, ಅಂದರೆ ಸುಮಾರು 120 ಮಿ.ಮೀ. ಮೇಲೊಂದು ಕೆಳಗೊಂದು ಸೈಡ್‌ವಾಲ್, ನಡುವೆ 15 ಇಂಚಿನ ರಿಮ್ಮು (381 ಮಿ.ಮೀ.). ಒಟ್ಟು ವ್ಯಾಸ 621.5 ಮಿ.ಮೀ. ಇದೇ ರೀತಿ 195/55 ಆರ್16ಕ್ಕೆ ಲೆಕ್ಕ ಹಾಕಿದರೆ 620.9 ಬರುತ್ತದೆ. ಒಂದು ಮಿ.ಮೀ. ವ್ಯತ್ಯಾಸವೂ ಇಲ್ಲ. ಬಲೆನೊದಲ್ಲಿ ಮಾರುತಿಯವರು, ಐ20ಯಲ್ಲಿ ಹುಂಡೈನವರು ಕೆಳಗಿನ ಮಾದರಿಗೆ 185/65 ಆರ್15, ಮೇಲಿನ ಮಾದರಿಗೆ 195/55 ಆರ್16 ಕೊಟ್ಟಿರುವುದು ಇದೇ ಕಾರಣಕ್ಕೆ. ರಿಮ್ಮು ಬೆಳೆದಷ್ಟು ಸೈಡ್‌ವಾಲ್ ಇಳಿದರೆ ಸ್ಪೀಡೋಮೀಟರ್, ಗೇರಿನ ಹಿಡಿತ, ಎಬಿಎಸ್ ಯಾವುದೂ ವ್ಯತ್ಯಾಸ ಕಾಣುವುದಿಲ್ಲ. ಅಂಗಡಿಯವರು ಹೇಳಿದ 205/55 ಆರ್16ರ ವ್ಯಾಸ 631.9. ನಿಮ್ಮದಕ್ಕಿಂತ ಶೇ. 1.7ರಷ್ಟು ದೊಡ್ಡದು. ಶೇ. 2ರ ಒಳಗಿರುವುದರಿಂದ ವ್ಯಾಸದ ಮಟ್ಟಿಗೆ ದೊಡ್ಡ ತಪ್ಪೇನಲ್ಲ. ತೊಂದರೆ ಇರುವುದು ಅಗಲದಲ್ಲಿ, ಆಫ್‌ಸೆಟ್‌ನಲ್ಲಿ.

ವೀಲನ್ನು ಅದರ ಅಗಲದ ಸರಿ ಮಧ್ಯದಲ್ಲಿ ಸೀಳಿದಂತೆ ಒಂದು ಗೆರೆ ಊಹಿಸಿಕೊಳ್ಳಿ. ವೀಲಿನ ಯಾವ ಮುಖ ಹಬ್ಬಿಗೆ (ಗಾಡಿಯ ಕಡೆ ವೀಲನ್ನು ಬಿಗಿಯುವ ಭಾಗ) ತಾಗಿ ಕೂರುತ್ತದೋ ಆ ಮುಖಕ್ಕೂ ಈ ಮಧ್ಯದ ಗೆರೆಗೂ ಇರುವ ದೂರವೇ ಆಫ್‌ಸೆಟ್. ಅಳತೆ ಮಿ.ಮೀ.ನಲ್ಲಿ. ಹಬ್ಬಿಗೆ ಕೂರುವ ಮುಖ ಮಧ್ಯದಿಂದ ಹೊರಬದಿಗೆ ಇದ್ದರೆ ಪಾಸಿಟಿವ್, ಒಳಬದಿಗೆ ಇದ್ದರೆ ನೆಗೆಟಿವ್, ಸರಿಯಾಗಿ ಮಧ್ಯದಲ್ಲೇ ಇದ್ದರೆ ಸೊನ್ನೆ. ನಮ್ಮ ರಸ್ತೆಗಳಲ್ಲಿ ಓಡುವ ಮುಂಗಾಲಿ ಚಾಲನೆಯ (ಎಂಜಿನ್ನು ಮುಂದಿನ ಚಕ್ರಗಳನ್ನು ತಿರುಗಿಸುವ) ಸಣ್ಣ ಕಾರುಗಳಿಗೆಲ್ಲ ಪಾಸಿಟಿವ್ ಆಫ್‌ಸೆಟ್ಟೇ ಇರುತ್ತದೆ. ಹೆಚ್ಚಿನವುಗಳಲ್ಲಿ 35ರಿಂದ 50ರ ಆಸುಪಾಸು. ವೀಲಿನ ಮೇಲೆ 'ಇಟಿ' ಅಕ್ಷರಗಳ ಮುಂದೆ ಅಚ್ಚಾಗಿರುವ ಅಂಕಿ ಇದೇ. ಈ ಅಂಕಿ ಕಡಿಮೆಯಾದಂತೆ ವೀಲು ಗಾಡಿಯಿಂದ ಹೊರಕ್ಕೆ ಬರುತ್ತದೆ, ಹೆಚ್ಚಾದಂತೆ ಸಸ್ಪೆನ್ಷನ್ ಕಡೆಗೆ ಒಳಕ್ಕೆ ಹೋಗುತ್ತದೆ.

ಬಹಳ ಜನ ಎಡವುವುದು ಇದರ ನಂತರ. ಆಫ್‌ಸೆಟ್ಟನ್ನು ಒಂಟಿಯಾಗಿ ನೋಡುವಂತಿಲ್ಲ. ಅಗಲ ಬದಲಾದರೆ ಅದೇ ಆಫ್‌ಸೆಟ್‌ನಲ್ಲೂ ವೀಲಿನ ಎರಡೂ ಅಂಚು ಬೇರೆ ಕಡೆ ಹೋಗಿ ನಿಲ್ಲುತ್ತವೆ. ನಿಮ್ಮ ಈಗಿನ ವೀಲು 5.5ಜೆ, ಇಟಿ 45 ಎಂದಿಟ್ಟುಕೊಳ್ಳೋಣ. (ಇದು ಲೆಕ್ಕಕ್ಕೆ ತೆಗೆದುಕೊಂಡ ಅಂಕಿ. ನಿಮ್ಮ ವೀಲಿನ ಮೇಲೆ ಏನಿದೆಯೋ ಅದನ್ನೇ ಹಾಕಿ ನೋಡಬೇಕು.) 5.5 ಇಂಚು ಅಂದರೆ 139.7 ಮಿ.ಮೀ., ಅರ್ಧ 69.85. ಈ ಅರ್ಧದಲ್ಲಿ 45 ಕಳೆದರೆ ಹಬ್ಬಿನ ಮುಖದಿಂದ ಹೊರ ಅಂಚು ಎಷ್ಟು ದೂರ ಎಂದು ತಿಳಿಯುತ್ತದೆ: ಸುಮಾರು 25 ಮಿ.ಮೀ. ಕೂಡಿಸಿದರೆ ಒಳ ಅಂಚಿನ ದೂರ: ಸುಮಾರು 115 ಮಿ.ಮೀ.

ಈಗ ಅಂಗಡಿಯ 7ಜೆ, ಇಟಿ 35 ವೀಲು. ಅಗಲ 177.8, ಅರ್ಧ 88.9. ಹೊರ ಅಂಚು 53.9, ಒಳ ಅಂಚು 123.9. ಅಂದರೆ ರಿಮ್ಮು ಹೊರಗಡೆ 29 ಮಿ.ಮೀ. ಆಚೆ ಬಂತು, ಒಳಗಡೆಯೂ 9 ಮಿ.ಮೀ. ಜಾಸ್ತಿ ನುಗ್ಗಿತು. ರಿಮ್ಮಿನ ಅಂಚು ಬಿಟ್ಟು ಟಯರಿನ ಉಬ್ಬನ್ನೇ ಲೆಕ್ಕ ಹಾಕಿದರೂ ಹೊರಮೈ ಎರಡರಿಂದ ಎರಡೂವರೆ ಸೆಂಟಿಮೀಟರ್ ಆಚೆ ನಿಲ್ಲುತ್ತದೆ. ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿಯಲ್ಲಿ ಊರಿಗೆ ಒಯ್ಯುವ ಅಕ್ಕಿ ಚೀಲ, ಎದುರಿಗೆ ಬಣ್ಣ ಮಾಸಿದ ಹಂಪು: ಆಗ ಹಿಂದಿನ ಮಡ್‌ಗಾರ್ಡಿನ ಮಡಚಿದ ಅಂಚು ಟಯರಿನ ಭುಜದ ಮೇಲೆ ಇಳಿದು ಕೊರೆಯುತ್ತದೆ. ಅಂಗಡಿಯ ಮುಂದೆ ಖಾಲಿ ನಿಂತ ಗಾಡಿಯಲ್ಲಿ ಇದು ಕಾಣುವುದೇ ಇಲ್ಲ.

ಅದೇ 16 ಇಂಚಿನಲ್ಲಿ 6ಜೆ, ಇಟಿ 45 ತೆಗೆದುಕೊಂಡರೆ? ಅರ್ಧ ಅಗಲ 76.2. ಹೊರ ಅಂಚು 31.2, ಒಳ ಅಂಚು 121.2. ಎರಡೂ ಕಡೆ ಸುಮಾರು 6 ಮಿ.ಮೀ. ಮಾತ್ರ ಬದಲಾವಣೆ. ಒಂದು ಸಣ್ಣ ಕಾರಿನ ಚಕ್ರದ ಗೂಡು ತಡೆದುಕೊಳ್ಳುವ ಬದಲಾವಣೆ ಇಷ್ಟು. 6.5ಜೆ ಸಿಕ್ಕಿದರೆ ಆಫ್‌ಸೆಟ್ 40ರ ಮೇಲಿರಲಿ, ಹಾಕುವ ಮುನ್ನ ಕೆಳಗೆ ಹೇಳಿರುವ ಹಾಗೆ ಜಾಗ ಅಳೆಯಿರಿ. 195/55 ಆರ್16 ಟಯರಿಗೆ 5.5ರಿಂದ 7 ಇಂಚಿನವರೆಗಿನ ರಿಮ್ಮು ಒಪ್ಪುತ್ತದೆ, 6 ಅದರ ಸಹಜ ಅಗಲ.

ಉಜ್ಜುವುದೊಂದೇ ತೊಂದರೆಯಾಗಿದ್ದರೆ ಮಡ್‌ಗಾರ್ಡಿನ ಅಂಚನ್ನು ಬಡಿದು ಮಡಚಿ ಮುಗಿಸಬಹುದಿತ್ತು, ಹಾಗೆ ಮಾಡಿಕೊಡುವವರೂ ಇದ್ದಾರೆ. ಆದರೆ ಆಫ್‌ಸೆಟ್ ಮುಟ್ಟಿದರೆ ಸ್ಟೀರಿಂಗಿನ ಜ್ಯಾಮಿತಿಯನ್ನೇ ಮುಟ್ಟಿದ ಹಾಗೆ. ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವುದು ಒಂದು ಓರೆ ಅಕ್ಷದ ಸುತ್ತ. ಸ್ಟ್ರಟ್ಟಿನ (ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಇರುವ ಕಂಬ) ಮೇಲಿನ ತುದಿಯಿಂದ ಕೆಳಗಿನ ಬಾಲ್ ಜಾಯಿಂಟಿನ (ಗುಂಡಿನ ಕೀಲು) ಮೂಲಕ ಆ ಗೆರೆ ನೆಲಕ್ಕೆ ಇಳಿಯುತ್ತದೆ. ಅದು ನೆಲ ಮುಟ್ಟುವ ಜಾಗಕ್ಕೂ ಟಯರು ನೆಲ ಹಿಡಿಯುವ ಮಧ್ಯಬಿಂದುವಿಗೂ ಎಷ್ಟು ಅಂತರ ಇರಬೇಕೆಂದು ಎಂಜಿನಿಯರುಗಳು ಮಿ.ಮೀ. ಲೆಕ್ಕದಲ್ಲಿ ನಿರ್ಧರಿಸಿರುತ್ತಾರೆ. ಇದಕ್ಕೆ ಸ್ಕ್ರಬ್ ರೇಡಿಯಸ್ ಎನ್ನುತ್ತಾರೆ. ಮುಂಗಾಲಿ ಚಾಲನೆಯ ಎಷ್ಟೋ ಕಾರುಗಳಲ್ಲಿ ಇದನ್ನು ಸೊನ್ನೆಯ ಹತ್ತಿರ ಅಥವಾ ಸ್ವಲ್ಪ ನೆಗೆಟಿವ್ ಇಡುತ್ತಾರೆ. ಒಂದು ಬದಿಯ ಚಕ್ರ ಮರಳಿನ ಮೇಲೆ, ಇನ್ನೊಂದು ಡಾಂಬರಿನ ಮೇಲೆ ಇರುವಾಗ ಬ್ರೇಕ್ ಒತ್ತಿದರೂ ಗಾಡಿ ನೇರ ನಿಲ್ಲಲಿ ಎಂಬ ಉದ್ದೇಶ ಅದರ ಹಿಂದೆ ಇರುತ್ತದೆ. ಇಟಿ 45ರಿಂದ 35ಕ್ಕೆ ಬಂದರೆ ಆ ಮಧ್ಯಬಿಂದು 10 ಮಿ.ಮೀ. ಹೊರಕ್ಕೆ ಸರಿಯುತ್ತದೆ. ಗುಂಡಿಗೆ ಬಿದ್ದಾಗ ಸ್ಟೀರಿಂಗ್ ಕೈಯಲ್ಲಿ ಒದೆಯುವುದು, ರಸ್ತೆಯ ತಗ್ಗು ಜಾಡಿನಲ್ಲಿ ಗಾಡಿ ತಾನೇ ಎಳೆದುಕೊಂಡು ಹೋಗುವುದು, ಬ್ರೇಕ್ ಹಾಕಿದಾಗ ಒಂದು ಕಡೆ ವಾಲುವುದು ಹೆಚ್ಚಾಗುತ್ತವೆ. ಅಲೈನ್‌ಮೆಂಟ್ ಎಷ್ಟು ಸಲ ಮಾಡಿಸಿದರೂ ಇದು ಹೋಗದು, ಯಾಕೆಂದರೆ ಅಲೈನ್‌ಮೆಂಟ್ ಯಂತ್ರ ಈ ಅಂತರವನ್ನು ತಿದ್ದುವುದೇ ಇಲ್ಲ. ಜೊತೆಗೆ ಬೇರಿಂಗಿನ ಮೇಲೆ ಬೀಳುವ ಭಾರದ ತೋಳು ಉದ್ದವಾಗುತ್ತದೆ. ಬೇರಿಂಗ್ ಬೇಗ ಗೊರಗೊರ ಅನ್ನತೊಡಗುತ್ತದೆ.

ಥಾರ್‌ನಂಥ ಗಾಡಿಗಳಿಗೆ ಸೊನ್ನೆ ಅಥವಾ ನೆಗೆಟಿವ್ ಆಫ್‌ಸೆಟ್ ಹಾಕಿಸಿ ಚಕ್ರವನ್ನು ಹೊರಗೆ ಚಾಚಿಸುವ ಉಮೇದು ಈಗ ಜೋರಾಗಿದೆ. ಅಲ್ಲಿ ಗೂಡಿನಲ್ಲಿ ಜಾಗ ಹೆಚ್ಚು, ಬೇರಿಂಗ್ ದೊಡ್ಡದು, ನಿಜ. ಆದರೆ ಭೌತಶಾಸ್ತ್ರ ಅದೇ. ಆ ಗಾಡಿಯನ್ನು ನೋಡಿ ಸ್ವಿಫ್ಟಿಗೆ ಹಾಗೆ ಮಾಡಿಸಬೇಡಿ. ಸ್ಪೇಸರ್ (ಹಬ್ಬಿಗೂ ವೀಲಿಗೂ ನಡುವೆ ಇಡುವ ಬಿಲ್ಲೆ) ಹಾಕುವುದೂ ಆಫ್‌ಸೆಟ್ ಇಳಿಸುವ ಇನ್ನೊಂದು ದಾರಿ ಅಷ್ಟೆ. 10 ಮಿ.ಮೀ. ಸ್ಪೇಸರ್ ಹಾಕಿದರೆ ಇಟಿ 45 ಹೋಗಿ 35 ಆಯಿತು. ಮೇಲಾಗಿ ನಟ್ಟಿಗೆ ಸಿಗುವ ಥ್ರೆಡ್ಡಿನ ಉದ್ದ ಕಡಿಮೆಯಾಗುತ್ತದೆ. ದಿನನಿತ್ಯ ಓಡಿಸುವ ಗಾಡಿಗೆ ಸ್ಪೇಸರ್ ಹಾಕಿಸಲು ನಾನು ಯಾರಿಗೂ ಹೇಳುವುದಿಲ್ಲ.

"ಕೂರುತ್ತೆ" ಎಂದು ಅಂಗಡಿಯವರು ಹೇಳಿದಾಗ ಸಾಮಾನ್ಯವಾಗಿ ಅವರ ಅರ್ಥ ನಟ್ಟಿನ ತೂತುಗಳು ಕೂಡುತ್ತವೆ ಎಂದು. ಅದು ಪಿಸಿಡಿ. ಸ್ವಿಫ್ಟ್, ಐ20, ಹೋಂಡಾ ಸಿಟಿ, ಇವೆಲ್ಲದರಲ್ಲೂ ಅದು 4×100, ಅಂದರೆ ನಾಲ್ಕು ತೂತು, 100 ಮಿ.ಮೀ. ವೃತ್ತ. ಫಿಯೆಟ್‌ನ ಕೆಲವು ಕಾರುಗಳದ್ದು 4×98. ಎರಡು ಮಿ.ಮೀ. ವ್ಯತ್ಯಾಸದಲ್ಲಿ ಒಂದರ ವೀಲು ಇನ್ನೊಂದಕ್ಕೆ ಒತ್ತಿ ಬಿಗಿದರೆ ಕೂತಂತೆಯೇ ಕಾಣುತ್ತದೆ, ಆದರೆ ನಟ್ಟುಗಳು ಓರೆಯಾಗಿ ಕೂತಿರುತ್ತವೆ. ಓಡುತ್ತ ಓಡುತ್ತ ಸಡಿಲಾಗುತ್ತವೆ. ಇದು ಜೀವಕ್ಕೆ ಅಪಾಯ. ಇನ್ನೊಂದು ಅಳತೆ ಮಧ್ಯದ ತೂತಿನದು. ಸುಜುಕಿಯ ಹಬ್ಬು 54.1 ಮಿ.ಮೀ., ಹೋಂಡಾದ್ದು 56.1. ಹೊರಗೆ ಮಾರುವ ಅಲಾಯ್‌ಗಳಲ್ಲಿ ಎಲ್ಲ ಗಾಡಿಗೂ ಆಗಲಿ ಎಂದು 67.1, 73.1ರ ದೊಡ್ಡ ತೂತು ಇಟ್ಟಿರುತ್ತಾರೆ. ನಡುವಿನ ಸಂದಿಗೆ ಸರಿಯಾದ ಅಳತೆಯ ಹಬ್ ರಿಂಗ್ ಹಾಕಿಸಿಕೊಳ್ಳಿ. ಬ್ಯಾಲೆನ್ಸಿಂಗ್ ಎಲ್ಲ ಸರಿಯಾಗಿದ್ದೂ ಎಂಬತ್ತು, ತೊಂಬತ್ತರ ವೇಗದಲ್ಲಿ ಸ್ಟೀರಿಂಗ್ ನಡುಗುತ್ತಿದ್ದರೆ ಬಹಳಷ್ಟು ಸಲ ಕಾರಣ ಈ ರಿಂಗ್ ಇಲ್ಲದಿರುವುದು. ನಟ್ಟುಗಳ ಕೂರುವ ಮುಖವೂ ವೀಲಿಗೆ ಹೊಂದಬೇಕು. ಹೋಂಡಾದ ಮೂಲ ನಟ್ಟು ಗುಂಡಗೆ, ಹೊರಗಿನ ಅಲಾಯ್‌ಗಳಲ್ಲಿ ಹೆಚ್ಚಿನವು ಶಂಕುವಿನಾಕಾರಕ್ಕೆ ಮಾಡಿದವು. ಸುಜುಕಿಗೆ ನಟ್ಟಿನ ಥ್ರೆಡ್ಡುಗಳ ನಡುವಿನ ಅಂತರ 1.25 ಮಿ.ಮೀ., ಹುಂಡೈ, ಹೋಂಡಾಗಳಿಗೆ 1.5. ಹಳೆ ಡಬ್ಬಿಯಿಂದ ಕೈಗೆ ಸಿಕ್ಕ ನಟ್ಟು ತೆಗೆದು ಹಾಕಲು ಬಿಡಬೇಡಿ.

ಟಯರಿನ ಭಾರದ ಅಂಕಿಯನ್ನು ಕೇಳುವವರು ತೀರಾ ಕಡಿಮೆ. 185/65 ಆರ್15ರ ಪಕ್ಕದಲ್ಲಿ ಸಾಮಾನ್ಯವಾಗಿ 88 ಎಂದಿರುತ್ತದೆ. ಒಂದು ಟಯರು 560 ಕೆ.ಜಿ. ಹೊರಬಲ್ಲದು ಎಂದರ್ಥ. 195/55 ಆರ್16ರಲ್ಲಿ ಹೆಚ್ಚಾಗಿ ಸಿಗುವುದು 87, ಅಂದರೆ 545 ಕೆ.ಜಿ. ಚಾಲಕನ ಬಾಗಿಲ ಬಳಿಯ ಚೀಟಿಯಲ್ಲೋ ಮಾಲೀಕರ ಕೈಪಿಡಿಯಲ್ಲೋ ಕಂಪನಿ ಹೇಳಿರುವ ಅಂಕಿಗಿಂತ ಕೆಳಗೆ ಇಳಿಯಬೇಡಿ. 88 ಎಂದಿದ್ದರೆ 91ರ ಗಟ್ಟಿ ಮಾದರಿ ಕೇಳಿ. ಸೈಡ್‌ವಾಲ್ 120ರಿಂದ 107 ಮಿ.ಮೀ.ಗೆ ಇಳಿಯುವುದನ್ನೂ ನೆನಪಿಡಿ. ಮಳೆಗಾಲದ ನೀರು ತುಂಬಿದ ಗುಂಡಿಗಳಿರುವ ನಮ್ಮ ರಸ್ತೆಗಳಲ್ಲಿ ರಿಮ್ಮು ಬಾಗುವ ಸಾಧ್ಯತೆ ಆ 13 ಮಿ.ಮೀ.ಯಷ್ಟು ಹತ್ತಿರ ಬಂತು. 17 ಇಂಚಿನ ಆಸೆಗೆ ನಾನು ಬೇಡ ಅನ್ನುವುದು ಇದೇ ಕಾರಣಕ್ಕೆ. ವೀಲಿನ ಗುಣಮಟ್ಟಕ್ಕೆ ಜಪಾನಿನ ಜೆಡಬ್ಲ್ಯುಎಲ್, ವಿಐಎ ಗುರುತು ಅಥವಾ ನಮ್ಮ ಐಎಸ್ 16192 ಮಾನಕದ ಗುರುತು ಇದೆಯೇ ನೋಡಿ. ಬಾಗಿದ್ದನ್ನು ಬಡಿದು, ಬೆಸುಗೆ ಹಾಕಿ, ಬಣ್ಣ ಬಳಿದ ಹಳೆಯ ವೀಲುಗಳೂ ಮಾರಾಟಕ್ಕಿರುತ್ತವೆ. ಒಳಮೈಯನ್ನು ಬೆಳಕಿಗೆ ಹಿಡಿದು ನೋಡದೆ ಹಣ ಕೊಡಬೇಡಿ.

ನಿಮ್ಮ ವೀಲಿನ ಮೇಲೆ ಇಟಿ ಕಾಣದಿದ್ದರೆ ಹೀಗೆ ಅಳೆಯಿರಿ. ಸ್ಟೆಪ್ನಿಯನ್ನು ಅಳೆಯಬೇಡಿ, ಅದರ ಅಳತೆಯೇ ಬೇರೆ ಇರಬಹುದು. ಓಡುವ ಚಕ್ರವೊಂದನ್ನು ಬಿಚ್ಚಿ ಮುಖ ಕೆಳಗೆ ಮಾಡಿ ಮಲಗಿಸಿ. ಹಿಂಬದಿಯ ರಿಮ್ಮಿನ ಅಂಚುಗಳ ಮೇಲೆ ಅಡ್ಡಲಾಗಿ ನೇರ ಪಟ್ಟಿಯೊಂದನ್ನು ಇಡಿ. ಟಯರಿನ ಉಬ್ಬು ಅಡ್ಡ ಬಂದರೆ ಟಯರು ಬಿಚ್ಚಿಸಿದಾಗ ಅಳೆಯುವುದೇ ಸರಿ. ಪಟ್ಟಿಯಿಂದ ಹಬ್ಬಿಗೆ ಕೂರುವ ಮುಖದವರೆಗಿನ ಆಳ ಅಳೆಯಿರಿ. ರಿಮ್ಮಿನ ಒಟ್ಟು ಅಗಲ ಜೆ ಅಂಕಿಗಿಂತ ಸುಮಾರು ಒಂದು ಇಂಚು ಹೆಚ್ಚು, ಹಾಗಾಗಿ 5.5ಜೆ ವೀಲಿಗೆ 165 ಮಿ.ಮೀ., ಅರ್ಧ 82.5. ಆಳ 127 ಬಂದರೆ, ಅದರಲ್ಲಿ ಈ ಅರ್ಧ ಕಳೆದು, ಆಫ್‌ಸೆಟ್ 45ರ ಆಸುಪಾಸು.

ಗಾಡಿಯಲ್ಲಿ ಜಾಗ ಎಷ್ಟಿದೆ ಎಂಬುದನ್ನೂ ನೋಡಬೇಕು. ಸ್ಟೀರಿಂಗನ್ನು ಪೂರ್ತಿ ಒಂದು ಕಡೆ ತಿರುಗಿಸಿ ಟಯರಿಗೂ ಸ್ಟ್ರಟ್ಟಿಗೂ, ಟಯರಿಗೂ ಒಳಗಿನ ಪ್ಲಾಸ್ಟಿಕ್ ಹೊದಿಕೆಗೂ ನಡುವೆ ಬೆರಳಾಡಿಸಿ ನೋಡಿ. ಹೊಸ ವೀಲು ಎಷ್ಟು ಒಳಗೆ ಬರುತ್ತದೋ ಅಷ್ಟು ಕಳೆದ ಮೇಲೂ ಐದಾರು ಮಿ.ಮೀ. ಉಳಿಯಬೇಕು. ಕೊಳ್ಳುವ ಮೊದಲು ಒಂದೇ ವೀಲು, ಒಂದೇ ಟಯರು ಹಾಕಿಸಿ, ಎರಡೂ ಕಡೆ ಪೂರ್ತಿ ತಿರುಗಿಸಿ, ಹಿಂದಿನ ಸೀಟಿಗೆ ಜನ ಕೂರಿಸಿ ನೋಡಲು ಒಪ್ಪುವ ಅಂಗಡಿಗೆ ಹೋಗಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ನಿಮ್ಮ ಊರಿನಲ್ಲಾಗಲಿ, ಕೇಳಿದರೆ ಮಾಡಿ ತೋರಿಸುವವರು ಸಿಗುತ್ತಾರೆ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಮಡ್‌ಗಾರ್ಡಿನಿಂದ ಹೊರಗೆ ಚಾಚಿದ ಟಯರು ಯಾರ ಕಣ್ಣಿಗಾದರೂ ಬೀಳುತ್ತದೆ. ವೀಲು ಬದಲಿಸಿದ್ದನ್ನು ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ. ವಾರಂಟಿ ಇನ್ನೂ ಇದ್ದರೆ ಸಸ್ಪೆನ್ಷನ್, ಬೇರಿಂಗ್‌ಗಳ ಬಗ್ಗೆ ಸರ್ವಿಸ್ ಸೆಂಟರಿನಲ್ಲಿ ಮೊದಲೇ ಕೇಳಿಕೊಳ್ಳಿ.

ಹೊಸ ವೀಲು ಹಾಕಿಸಿದ ದಿನ ನಟ್ಟುಗಳನ್ನು ಗಾಳಿಯ ಗನ್ನಿನಲ್ಲಿ ಬಿಟ್ಟುಬಿಡದೆ, ಕೈಪಿಡಿಯಲ್ಲಿ ಹೇಳಿರುವ ಅಳತೆಗೆ ಟಾರ್ಕ್ ರೆಂಚಿನಲ್ಲಿ ಬಿಗಿಸಿ. ಐವತ್ತರಿಂದ ನೂರು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಅದೇ ರೆಂಚಿನಲ್ಲಿ ಪರೀಕ್ಷಿಸಿ. ಅದೇ ಹೊತ್ತಿಗೆ ನಾಲ್ಕೂ ಟಯರಿನ ಭುಜಗಳನ್ನು, ಗೂಡಿನ ಒಳಮೈಯನ್ನು ಟಾರ್ಚ್ ಹಿಡಿದು ನೋಡಿ. ಹೊಳೆಯುವ ಉಜ್ಜಿದ ಗುರುತು ಒಂದಾದರೂ ಕಂಡರೆ ವೀಲು ವಾಪಸ್ ಕೊಡುವ ಮಾತನ್ನು ಅಂದೇ ಆಡಿ.