ತಾಯಿಭಾಷೆಯ ಕಾಲಂ ಮತ್ತು ಕಾರವಾರದ ಜನ

2025ರಲ್ಲಿ ರಾಜ್ಯ ಸರ್ಕಾರದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆದಾಗ, ಗಣತಿಗೆ ಬಂದಿದ್ದ ಶಿಕ್ಷಕಿಯೊಬ್ಬರು ನಮ್ಮ ನೆರೆಮನೆಯ ಜಗಲಿಯಲ್ಲಿ ಕುಳಿತು ಮೊಬೈಲಿನಲ್ಲಿ ಒಂದೊಂದೇ ಪ್ರಶ್ನೆಗೆ ಉತ್ತರ ಒತ್ತುತ್ತಿದ್ದರು. ನೆರೆಮನೆಯವರು ಗಾಬಿತರು, ತಲೆಮಾರುಗಳಿಂದ ಮೀನುಗಾರರು. ಜಾತಿ ಕೇಳಿದಾಗ ಯಾರೂ ಯೋಚಿಸಲಿಲ್ಲ. ಮಾತೃಭಾಷೆ ಎಂದೊಡನೆ ಜಗಲಿಯಲ್ಲಿ ಜಗಳ ಶುರುವಾಯಿತು. ಅಜ್ಜಿ ಕೊಂಕಣಿ ಎಂದರು. ಮಗ ಮರಾಠಿ ಎಂದು ಬರೆಯಿರಿ, ಅಪ್ಪನ ಶಾಲೆಯ ದಾಖಲೆಯಲ್ಲಿ ಹಾಗೇ ಇದೆ ಎಂದರು. ಕಾಲೇಜಿಗೆ ಹೋಗುವ ಮೊಮ್ಮಗಳು ತನಗೆ ಓದು, ಬರಹ, ಬೈಗುಳ ಎಲ್ಲ ಬರುವುದು ಕನ್ನಡದಲ್ಲೇ ಎಂದಳು. ಶಿಕ್ಷಕಿ ಬೆರಳನ್ನು ಗಾಳಿಯಲ್ಲಿ ಹಿಡಿದು ಕಾದರು. ಅವರ ಮನೆಮಾತೂ ಕೊಂಕಣಿಯೇ, ಆದರೆ ಇನ್ನೊಂದು ಬಗೆಯದು.

ಕಾರವಾರದಲ್ಲಿ ಈ ಜಗಳಕ್ಕೆ ನೂರೈವತ್ತು ವರ್ಷಕ್ಕೂ ಹೆಚ್ಚಿನ ಚರಿತ್ರೆಯಿದೆ. ದೇಶದ ಜನಗಣತಿ ಎಲ್ಲ ಜಾತಿಗಳ ಲೆಕ್ಕವನ್ನು ಕೊನೆಯದಾಗಿ ಪ್ರಕಟಿಸಿದ್ದು 1931ರಲ್ಲಿ. ಸ್ವಾತಂತ್ರ್ಯದ ನಂತರ ಪರಿಶಿಷ್ಟ ಜಾತಿ, ಪಂಗಡಗಳನ್ನು ಬಿಟ್ಟು ಉಳಿದವರ ಜಾತಿಯನ್ನು ಗಣತಿಯವರು ಕೇಳಲಿಲ್ಲ. ಹೀಗಾಗಿ ಒಂದು ಊರಿನ ಜನ ಯಾರು ಎಂಬ ಪ್ರಶ್ನೆಗೆ ಉತ್ತರ ಹುಡುಕುವವರೆಲ್ಲ ಭಾಷೆಯ ಕಾಲಂಗೇ ಜೋತುಬಿದ್ದರು. ಬೇರೆ ಊರುಗಳಲ್ಲಿ ಅದು ಸ್ವಲ್ಪ ಮಟ್ಟಿಗೆ ನಡೆದೀತು. ಇಲ್ಲಿ ಅದನ್ನು ನಂಬಿದವರು ದಾರಿ ತಪ್ಪುತ್ತಾರೆ.

ಮೊದಲು ಊರಿನ ವಯಸ್ಸನ್ನು ನೋಡೋಣ. ಹಳೆಯ ಕಾರವಾರ ಇದ್ದದ್ದು ಈಗಿನ ಜಾಗದಲ್ಲಲ್ಲ; ಕಾಳಿ ನದಿಯ ದಂಡೆಯಲ್ಲಿ ಒಳಗೆ, ಕಡವಾಡದ ಬಳಿ. ಊರಿನ ಹೆಸರೂ ಅಲ್ಲಿಂದಲೇ ಬಂದದ್ದು ಎನ್ನುತ್ತಾರೆ. 1638ರಲ್ಲಿ ಇಂಗ್ಲೆಂಡಿನ ಕೋರ್ಟೀನ್ ಎಂಬ ವ್ಯಾಪಾರಿ ಸಂಘದವರು ಕೋಠಿ, ಎಂದರೆ ವ್ಯಾಪಾರದ ಉಗ್ರಾಣ ತೆರೆದು ಕಾಳುಮೆಣಸು, ನುಣುಪು ಬಟ್ಟೆ ಕೊಂಡದ್ದು ಆ ಕಾರವಾರದಲ್ಲಿ. ಈಗ ನಾವು ಕಾರವಾರ ಎನ್ನುವ ಪಟ್ಟಣ ಆಗ ಮೀನುಗಾರರ ಕೇರಿಗಳ ತೀರ. ಅದು ಪಟ್ಟಣವಾದದ್ದು ಒಂದು ಆಡಳಿತ ನಿರ್ಧಾರದಿಂದ: 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಕಿತ್ತು ಮುಂಬೈ ಪ್ರಾಂತಕ್ಕೆ ಸೇರಿಸಿದರು, ಕಾರವಾರವನ್ನು ಜಿಲ್ಲಾ ಕೇಂದ್ರ ಮಾಡಿದರು. ಹಿಂದಿದ್ದ ಕಾರಣ ಹತ್ತಿ. ಅಮೆರಿಕದ ಅಂತರ್ಯುದ್ಧದಿಂದ ಮ್ಯಾಂಚೆಸ್ಟರಿನ ಗಿರಣಿಗಳು ಕಂಗೆಟ್ಟಿದ್ದವು. ಧಾರವಾಡದ ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೆ ಹಾಕಲು ಒಂದು ಬಂದರು ಬೇಕಿತ್ತು.

ಹತ್ತಿಯ ಕನಸು ಬಹಳ ದಿನ ಉಳಿಯಲಿಲ್ಲ. 1888ರಲ್ಲಿ ಪೋರ್ಚುಗೀಸರ ಮುರ್ಮುಗೋವಾಕ್ಕೆ ರೈಲು ಬಂದ ಮೇಲೆ ಘಟ್ಟದ ಸರಕು ಅತ್ತ ಹರಿಯಿತು. ಹುಬ್ಬಳ್ಳಿಯಿಂದ ಈ ಕರಾವಳಿಗೆ ರೈಲು ಬರಲಿ ಎಂದು ನಾವು ಇಂದಿಗೂ ಮನವಿ ಬರೆಯುತ್ತಲೇ ಇದ್ದೇವೆ. ಬಂದರು ಸೊರಗಿದರೂ ಕಚೇರಿಗಳು ಉಳಿದವು. ಅವುಗಳ ಜೊತೆ ಬಂದವರೂ ಉಳಿದರು: ಕಾರಕೂನರು, ವಕೀಲರು, ಶಿಕ್ಷಕರು, ಅಂಗಡಿಕಾರರು. ಜಿಲ್ಲಾ ನ್ಯಾಯಾಧೀಶರಾಗಿ ಬಂಗಾಳದ ಸತ್ಯೇಂದ್ರನಾಥ ಟಾಗೋರರು ಬಂದರು; ಅವರ ಮನೆಗೆ 1883ರಲ್ಲಿ ಬಂದ ತಮ್ಮ ರವೀಂದ್ರನಾಥರ ಹೆಸರು ಇಂದು ಕಡಲತೀರಕ್ಕಿದೆ. ಪ್ರವಾಸಿಗರಿಗೆ ಅದು ಕವಿಯ ತೀರ. ನನಗೆ ಮಾತ್ರ ಆ ಫಲಕ ಕಂಡಾಗಲೆಲ್ಲ ವರ್ಗಾವಣೆ ಆದೇಶವೇ ನೆನಪಾಗುತ್ತದೆ. ಕಾರವಾರ ಹುಟ್ಟಿದ್ದೇ ವರ್ಗಾವಣೆಯಲ್ಲಿ.

ಮುಂಬೈ ಪ್ರಾಂತದ ಜೊತೆ ಮರಾಠಿ ಶಾಲೆಯೂ ಬಂತು. ನೆರೆಮನೆಯ ಅಜ್ಜಿಯ ಗಂಡ ಮರಾಠಿಯಲ್ಲಿ ಅಕ್ಷರ ಕಲಿತದ್ದು ಅಲ್ಲೇ. ಮನೆಯಲ್ಲಿ ಆಡಿದ್ದು ಕೊಂಕಣಿ, ಪಾಟಿಯ ಮೇಲೆ ಬರೆದದ್ದು ಮರಾಠಿ. ಭಾಷೆ ಯಾವುದು ಎಂದು ಕೇಳಿದವರಿಗೆ ಪಾಟಿಯ ಭಾಷೆಯನ್ನೇ ಹೇಳಿದವರು ಆ ಕಾಲದಲ್ಲಿ ಬಹಳ. ಕೊಂಕಣಿ ಮರಾಠಿಯ ಉಪಭಾಷೆ ಎಂಬ ವಾದ ಬೆಳೆದದ್ದೂ ಇದರ ಮಗ್ಗುಲಲ್ಲೇ. ಅದಕ್ಕೆ ಎದುರಾಗಿ 1939ರಲ್ಲಿ ಮೊದಲ ಕೊಂಕಣಿ ಪರಿಷತ್ತು ಸೇರಿದ್ದು ಗೋವೆಯಲ್ಲಲ್ಲ, ಮಂಗಳೂರಿನಲ್ಲೂ ಅಲ್ಲ, ಕಾರವಾರದಲ್ಲಿ. ಅದನ್ನು ಸೇರಿಸಿದವರು ಇಲ್ಲಿನ ವಕೀಲ ಮಾಧವ ಮಂಜುನಾಥ ಶಾನಭಾಗ. ಈ ಸಂಗತಿ ನನ್ನೂರಿನ ಹುಡುಗರಿಗೇ ಗೊತ್ತಿಲ್ಲ ಎಂಬ ಬೇಸರ ನನಗಿದೆ.

ಕೊಂಕಣಿ ಆಡುವವರು ಒಂದೇ ಕುಲದವರೇ ಎಂದರೆ ಅದೂ ಅಲ್ಲ. ಸಾರಸ್ವತರು, ದೈವಜ್ಞರು, ಕೋಮಾರಪಂತರು, ಖಾರ್ವಿಗಳು, ಪಡ್ತಿಗಳು, ಕ್ರೈಸ್ತರು, ಮುಸ್ಲಿಮರು — ಎಲ್ಲರ ಮನೆಯಲ್ಲೂ ಕೊಂಕಣಿಯಿದೆ, ಒಬ್ಬೊಬ್ಬರದು ಒಂದೊಂದು ರಾಗ. ಎಷ್ಟೋ ಕುಟುಂಬಗಳು ಗೋವೆಯಿಂದ ಇಳಿದು ಬಂದವು. 1510ರಲ್ಲಿ ಪೋರ್ಚುಗೀಸರು ಗೋವೆ ಹಿಡಿದರು, 1560ರಲ್ಲಿ ಧರ್ಮವಿಚಾರಣೆ (ಇನ್‌ಕ್ವಿಸಿಷನ್, ಚರ್ಚಿನ ದಂಡನಾ ನ್ಯಾಯಾಲಯ) ಶುರುವಾಯಿತು, ದೇವಸ್ಥಾನಗಳು ನೆಲಕಚ್ಚಿದವು. ದಾಖಲೆ ಹುಡುಕುವ ಶ್ರಮವೂ ಬೇಡ, ಪೇಟೆಯ ಅಂಗಡಿಗಳ ಫಲಕ ಓದುತ್ತ ನಡೆದರೆ ಸಾಕು. ವೆರ್ಣೇಕರ ಎಂಬ ಚಿನ್ನಬೆಳ್ಳಿಯ ಅಂಗಡಿ ಕಂಡರೆ ಅದು ಗೋವೆಯ ಸಾಷ್ಟಿ ಸೀಮೆಯ ವೆರ್ಣಾ ಊರು. ಅಲ್ಲಿದ್ದ ಮ್ಹಾಳಸೆಯ ಗುಡಿಯನ್ನು 1567ರಲ್ಲಿ ಕೆಡವಿದರು. ದೇವಿ ನದಿ ದಾಟಿ ಮಾರ್ದೋಳದಲ್ಲಿ ನೆಲೆಸಿದಳು, ಭಕ್ತರಲ್ಲಿ ಅನೇಕರು ದಕ್ಷಿಣಕ್ಕೆ ನಡೆದರು. ನಾಲ್ಕು ಶತಮಾನದ ಹಿಂದೆ ಬಿಟ್ಟ ಊರನ್ನು ಇವರು ಇನ್ನೂ ಹೆಸರಿನ ತುದಿಗೆ ಕಟ್ಟಿಕೊಂಡಿದ್ದಾರೆ. ಅದೇ ಗೋವೆಯಿಂದ ಕ್ರೈಸ್ತರೂ ಬಂದರು. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ತಂದಿದ್ದ ಸಿದ್ದಿಗಳಲ್ಲಿ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು; ಯಲ್ಲಾಪುರ, ಹಳಿಯಾಳದ ಕಡೆ ಇರುವ ಅವರ ಮನೆಮಾತಿನಲ್ಲೂ ಕೊಂಕಣಿಯೇ ಹೆಚ್ಚು. ಭಾಷೆಯ ಕಾಲಂ ಇವರೆಲ್ಲರನ್ನೂ ಒಂದೇ ಗೂಡಿಗೆ ನೂಕುತ್ತದೆ.

ಇನ್ನು ಕನ್ನಡ. ಭಾನುವಾರದ ಸಂತೆಗೆ ಬನ್ನಿ. ಹುಬ್ಬಳ್ಳಿ, ಹಾವೇರಿ ಕಡೆಯ ವ್ಯಾಪಾರಿಗಳು ಮೆಣಸಿನಕಾಯಿ, ಈರುಳ್ಳಿಯ ರಾಶಿ ಹಾಕಿ ಕೂಗುತ್ತಿರುತ್ತಾರೆ. ಬದಿಯಲ್ಲಿ ಕೊರಳ ತುಂಬ ಕರಿಮಣಿ ಹೇರಿಕೊಂಡ ಹಾಲಕ್ಕಿ ಸಮುದಾಯದ ಹೆಂಗಸರು ಹರಿವೆ, ಬಸಳೆಯ ಕಟ್ಟು ಇಟ್ಟುಕೊಂಡು ಸುಮ್ಮನೆ ಕುಳಿತಿರುತ್ತಾರೆ. ಬಾಯಿ ಬಿಟ್ಟರೆ ಅವರದು ಕನ್ನಡ. ಪುಸ್ತಕದಲ್ಲಿ ಸಿಗದ, ಹಾಡಿಗೆ ಹತ್ತಿರದ ಕನ್ನಡ. ಕಾರವಾರ, ಅಂಕೋಲೆ, ಕುಮಟೆಯ ಸೀಮೆಯಲ್ಲಿ ಮನೆಮಾತಾಗಿ ಕನ್ನಡವನ್ನು ಬಹುಕಾಲದಿಂದ ಹೊತ್ತವರಲ್ಲಿ ಇವರು ಮುಖ್ಯರು. ಆದರೆ ಕಾರವಾರ ಕನ್ನಡದ್ದು ಎಂದು ವೇದಿಕೆಯಲ್ಲಿ ಗುಡುಗುವವರ ಪಕ್ಕ ಇವರನ್ನು ನಾನು ಕಂಡಿಲ್ಲ. ಅಂಕೋಲೆ ತಾಲೂಕಿನ ಹಾಲಕ್ಕಿಗಳಾದ ಸುಕ್ರಿ ಬೊಮ್ಮಗೌಡ, ತುಳಸಿ ಗೌಡ ಇಬ್ಬರಿಗೂ ಪದ್ಮಶ್ರೀ ಬಂತು. ಅವರ ಸಮುದಾಯ ದಶಕಗಳಿಂದ ಕೇಳುತ್ತಿರುವ ಪರಿಶಿಷ್ಟ ಪಂಗಡದ ಮಾನ್ಯತೆ ಬಂದಿಲ್ಲ. ಸಿದ್ದಿಗಳಿಗೆ ಅದು 2003ರಲ್ಲಿ ಸಿಕ್ಕಿತು.

1956ರಲ್ಲಿ ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಬಂದಾಗ ಭಾಷೆಯ ಅಂಕಿಗಳು ಆಯುಧವಾದವು. ಕೊಂಕಣಿಗರನ್ನು ಮರಾಠಿಯ ಲೆಕ್ಕಕ್ಕೆ ಸೇರಿಸಿದರೆ ಕಾರವಾರ, ಸೂಪಾ, ಹಳಿಯಾಳ ತನ್ನವು ಎಂದು ಮಹಾರಾಷ್ಟ್ರ ವಾದಿಸಿತು. ಗಡಿ ವಿವಾದಕ್ಕೆ ನೇಮಿಸಿದ್ದ ಮಹಾಜನ ಆಯೋಗದ ವರದಿ 1967ರಲ್ಲಿ ಬಂತು, ಕಾರವಾರ ಇಲ್ಲೇ ಉಳಿಯಿತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಈ ನಡುವೆ ಕೊಂಕಣಿಯನ್ನು ಸಾಹಿತ್ಯ ಅಕಾಡೆಮಿ 1975ರಲ್ಲಿ ಸ್ವತಂತ್ರ ಭಾಷೆ ಎಂದು ಒಪ್ಪಿತು, 1992ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿಸಲಾಯಿತು. ಮರಾಠಿಯ ಲೆಕ್ಕಕ್ಕೆ ಅಲ್ಲಿಗೆ ಬುಡ ಸಡಿಲವಾಯಿತು. ಆದರೂ ರಸ್ತೆಯ ಫಲಕದಲ್ಲಿ ದೇವನಾಗರಿ ಅಕ್ಷರ ಕಂಡರೆ ಊರಿನಲ್ಲಿ ಈಗಲೂ ಬಿಸಿ ಏರುತ್ತದೆ. ಮಂಗಳೂರಿನಲ್ಲಿ ಕನ್ನಡ ಲಿಪಿಯಲ್ಲಿ ನೆಮ್ಮದಿಯಾಗಿರುವ ಕೊಂಕಣಿ ಇಲ್ಲಿ ದೇವನಾಗರಿಗೆ ಒಲಿದದ್ದು ಆ ಹಳೆಯ ಮರಾಠಿ ಪಾಟಿಯಿಂದಲೇ.

ಜನರ ಬೆರಕೆಯನ್ನು ನಿಜವಾಗಿ ಕಲಕಿದ್ದು ಮಾತ್ರ ಈ ವಾದಗಳಲ್ಲ. 1986ರಲ್ಲಿ ರಾಜೀವ್ ಗಾಂಧಿಯವರು ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಅರ್ಗಾದಿಂದ ದಕ್ಷಿಣಕ್ಕೆ ಅಂಕೋಲೆಯ ಕಡೆಗಿನ ಕಡಲಂಚಿನ ಹಳ್ಳಿಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದವು. ಹಾಲಕ್ಕಿಗಳ ಕೊಪ್ಪ ಬೇರೆ, ಮೀನುಗಾರ ಹರಿಕಂತ್ರರ ಕೇರಿ ಬೇರೆ, ಕೋಮಾರಪಂತರ ವಾಡೆ ಬೇರೆ ಎಂದಿದ್ದ ಹಳ್ಳಿಗಳು ಅವು. ಪುನರ್ವಸತಿ ಕಾಲೊನಿಯಲ್ಲಿ ಎಲ್ಲರಿಗೂ ಒಂದೇ ಅಳತೆಯ ನಿವೇಶನ, ಎಲ್ಲರಿಗೂ ಒಂದೇ ಹೆಸರು: ಸೀಬರ್ಡ್ ನಿರಾಶ್ರಿತರು. ತೋಡೂರಿನ ಕಾಲೊನಿಯಲ್ಲಿ ನಾನು ಕಂಡ ಒಂದು ಅಂಗಳದಲ್ಲಿ ಬಲೆ ಒಣಗಿಸುವ ಗಳುಗಳ ಮೇಲೆ ಸೌತೆಬಳ್ಳಿ ಹಬ್ಬಿತ್ತು. ಬಳ್ಳಿ ಪಕ್ಕದ ಹಾಲಕ್ಕಿ ಮನೆಯದು, ಗಳು ಹರಿಕಂತ್ರರದು. ಬಲೆ ಮಾರಿ ವರ್ಷಗಳಾಗಿದ್ದವು.

ಅವರು ಬಿಟ್ಟ ನೆಲಕ್ಕೆ ಹರಿಯಾಣ, ಬಿಹಾರ, ಕೇರಳ, ಒಡಿಶಾದ ನಾವಿಕರು ಬಂದರು. ನೆಲೆ 2005ರಲ್ಲಿ ಐಎನ್ಎಸ್ ಕದಂಬ ಎಂದು ನಾಮಕರಣವಾಯಿತು. ಕೈಗಾ ಅಣುಸ್ಥಾವರದ ನೌಕರರಿಗೆ ಮಲ್ಲಾಪುರದಲ್ಲಿ ಒಂದು ಊರೇ ಎದ್ದಿತು. ಈಗ ಮೀನು ಪೇಟೆಯ ಹೆಂಗಸು ಬಂಗಡೆಯ ದರವನ್ನು ನನಗೆ ಕೊಂಕಣಿಯಲ್ಲಿ, ಶಿರಸಿಯಿಂದ ಬಂದವರಿಗೆ ಕನ್ನಡದಲ್ಲಿ, ನೌಕಾಪಡೆಯವರ ಹೆಂಡತಿಗೆ ಹಿಂದಿಯಲ್ಲಿ ಹೇಳುತ್ತಾಳೆ. ಹಿಂದಿಯ ದರ ಹತ್ತು ರೂಪಾಯಿ ಹೆಚ್ಚು ಎಂಬುದು ನನ್ನ ಗುಮಾನಿ.

ಮುಂದಿನ ಜನಗಣತಿಗೆ 2027ರ ಮಾರ್ಚ್ 1ನ್ನು ಗೊತ್ತುಮಾಡಿದ್ದಾರೆ. ಅದರಲ್ಲಿ ಎಲ್ಲರ ಜಾತಿಯನ್ನೂ ಕೇಳಲಿದ್ದಾರೆ. ನೆರೆಮನೆಯ ಮಗ ಈಗಲೇ ಹೇಳಿಬಿಟ್ಟಿದ್ದಾರೆ, ಮರಾಠಿ ಎಂದೇ ಬರೆಸುವುದು ಎಂದು. ಅಜ್ಜಿ ವಾದಕ್ಕೆ ಹೋಗಲಿಲ್ಲ. ಗಣತಿಯವರು ಬರುವ ಹೊತ್ತಿಗೆ ಅವರು ಗೋವೆಯ ಕಾಣಕೋಣದ ತವರಿನಲ್ಲಿ ಇರುತ್ತಾರಂತೆ.