‘ಮಿಷನ್‌ಗೆ ಹೋಗೋದು’ ಅಂದ್ರೆ ಏನು?

ನಮ್ಮ ಮಲೆನಾಡಿನಲ್ಲಿ ಮಿಷನ್ ಅಂದ ಕೂಡಲೇ ನೆನಪಾಗೋದು ಅಡಿಕೆ ಸುಲಿಯೋ ಮಿಷನ್, ಇಲ್ಲವೇ ಹೊಲಿಗೆ ಮಿಷನ್. ಸ್ವಲ್ಪ ವಯಸ್ಸಾದವರಿಗೆ ಮಿಷನ್ ಆಸ್ಪತ್ರೆ, ಮಿಷನ್ ಸ್ಕೂಲು. ಅಮೆರಿಕದಲ್ಲಿ ಮಕ್ಕಳಿರುವ ಮನೆಗಳಲ್ಲಿ ಈಗ ಇನ್ನೊಂದು ಮಾತು ಕೇಳಿಬರುತ್ತದೆ: ‘ಇವನ ಆಫೀಸಿನ ಹುಡುಗ ಎರಡು ವರ್ಷ ಮಿಷನ್‌ಗೆ ಹೋಗಿದ್ದನಂತೆ.’ ಎಲ್ಲಿಗೆ, ಯಾಕೆ, ಯಾರ ದುಡ್ಡಿನಲ್ಲಿ ಅಂತ ಕೇಳಿದರೆ ಹೇಳುವವರಿಗೂ ಸರಿಯಾಗಿ ಗೊತ್ತಿರುವುದಿಲ್ಲ.

ಅರ್ಥ ಇಷ್ಟು. ಒಬ್ಬ ಹುಡುಗನೋ ಹುಡುಗಿಯೋ ಓದು, ಕೆಲಸ ಬದಿಗಿಟ್ಟು, ಸಂಬಳವಿಲ್ಲದೆ, ಗೊತ್ತಾದ ಅವಧಿಗೆ ಬೇರೆ ಊರಿಗೋ ದೇಶಕ್ಕೋ ಹೋಗುವುದು. ಅಲ್ಲಿ ತನ್ನ ಧರ್ಮದ ನಂಬಿಕೆಯನ್ನು ಕೇಳುವವರಿಗೆ ಹೇಳುವುದು, ಜೊತೆಗೆ ಅಲ್ಲಿನ ಜನಕ್ಕೆ ಕೈಲಾದ ಕೆಲಸ ಮಾಡಿಕೊಡುವುದು. ಇದು ಬರೀ ಸಮಾಜಸೇವೆ ಅಂದರೂ ಅರ್ಧ ಮಾತು, ಬರೀ ಮತಾಂತರ ಅಂದರೂ ಅರ್ಧ ಮಾತು. ಸೇವೆ, ಪ್ರಚಾರ ಎರಡೂ ಸೇರಿಯೇ ಮಿಷನ್.

ಇದನ್ನು ದೊಡ್ಡ ಮಟ್ಟದಲ್ಲಿ ಮಾಡುವವರು ಲ್ಯಾಟರ್-ಡೇ ಸೇಂಟ್ಸ್ ಚರ್ಚಿನವರು. ಜನ ಮಾರ್ಮನ್ನರು ಅನ್ನುತ್ತಾರಲ್ಲ, ಅವರೇ. 1830ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಪಂಥ. ಕೇಂದ್ರ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿ. ಬೆಂಗಳೂರಿನಲ್ಲಿ ಇವರ ಮಿಷನ್ 1993ರಲ್ಲೇ ಶುರುವಾಗಿದೆ. ಈ ಚರ್ಚಿನ ಹುಡುಗರು 18 ತುಂಬಿದ ಮೇಲೆ 2 ವರ್ಷ ಹೋಗಬಹುದು. ಹುಡುಗಿಯರಿಗೆ 18 ತಿಂಗಳು. ಹುಡುಗರು ಹೋಗಲೇಬೇಕು ಅಂತ ಮನೆಯವರೂ ಚರ್ಚಿನವರೂ ಆಸೆ ಪಡುತ್ತಾರೆ. ಹುಡುಗಿಯರಿಗೆ ಅಷ್ಟು ಒತ್ತಾಯ ಇಲ್ಲ.

ಯಾವ ದೇಶ ಅಂತ ಆರಿಸಿಕೊಳ್ಳುವ ಹಾಗಿಲ್ಲ. ಅರ್ಜಿ ಹಾಕಬೇಕು, ಮೇಲಿನವರು ತೀರ್ಮಾನಿಸುತ್ತಾರೆ. ಬ್ರೆಜಿಲ್ ಬರಬಹುದು, ಜಪಾನ್ ಬರಬಹುದು, ಪಕ್ಕದ ರಾಜ್ಯವೂ ಬರಬಹುದು. ಖರ್ಚು ಹೋಗುವವರದ್ದೇ, ಅಂದರೆ ಹೆಚ್ಚಾಗಿ ಅಪ್ಪ ಅಮ್ಮನದ್ದು. 2020ರಿಂದ ಅಮೆರಿಕದ ಕುಟುಂಬಗಳು ತಿಂಗಳಿಗೆ 500 ಡಾಲರ್ ಕಟ್ಟುತ್ತಿವೆ. ಮಗ ದುಬಾರಿ ಊರಿಗೆ ಹೋದರೂ ಅಷ್ಟೇ, ಅಗ್ಗದ ಊರಿಗೆ ಹೋದರೂ ಅಷ್ಟೇ. ಹೊರಡುವ ಮೊದಲು ತರಬೇತಿ ಇದೆ, ಭಾಷೆಯನ್ನೂ ಕಲಿಸುತ್ತಾರೆ.

ಅಲ್ಲಿಗೆ ಹೋದ ಮೇಲಿನ ಕಟ್ಟುಪಾಡು ನೋಡಿದರೆ ನಮ್ಮ ಹಾಸ್ಟೆಲ್ ವಾರ್ಡನ್ನುಗಳೇ ವಾಸಿ ಅನ್ನಿಸುತ್ತದೆ. ಬೆಳಗ್ಗೆ ಆರೂವರೆಗೆ ಏಳುವುದು ಬಹುಕಾಲದ ಪದ್ಧತಿ. ಆಮೇಲೆ ಧರ್ಮಗ್ರಂಥದ ಓದು, ಭಾಷೆಯ ಅಭ್ಯಾಸ, ತಿರುಗಾಟ. ಯಾವಾಗಲೂ ಇಬ್ಬರು ಜೊತೆಗಿರಬೇಕು. ಆ ಜೊತೆಗಾರನನ್ನೂ ಮೇಲಿನವರೇ ಗೊತ್ತುಮಾಡುತ್ತಾರೆ, ಕೆಲವು ತಿಂಗಳಿಗೊಮ್ಮೆ ಬದಲಾಯಿಸುತ್ತಾರೆ. ಪ್ರೀತಿ ಪ್ರೇಮ, ಸಿನಿಮಾ ಎಲ್ಲ ಬಂದ್. ಬಟ್ಟೆ ಒಗೆಯೋಕೆ, ಸಾಮಾನು ತರೋಕೆ ವಾರಕ್ಕೊಂದು ದಿನ. 2019ರ ಫೆಬ್ರುವರಿವರೆಗೂ ಮನೆಗೆ ಫೋನ್ ಮಾಡಲು ವರ್ಷಕ್ಕೆ ಎರಡೇ ದಿನ ಅವಕಾಶ ಇತ್ತು: ಕ್ರಿಸ್‌ಮಸ್ ಮತ್ತು ಅಮ್ಮಂದಿರ ದಿನ. ಈಗ ವಾರಕ್ಕೊಮ್ಮೆ ಮಾತಾಡಬಹುದು. ಇನ್ನೊಂದು ತಮಾಷೆ ನೋಡಿ, ಮೀಸೆ ಈಗಷ್ಟೇ ಚಿಗುರಿದ ಈ ಹುಡುಗರನ್ನು ಕರೆಯುವುದು ‘ಎಲ್ಡರ್’, ಅಂದರೆ ಹಿರಿಯರು ಅಂತ!

ಸಾಗರದ ಕಡೆಯ ನಮ್ಮ ದೊಡ್ಡಮ್ಮ ಇಂಥ ಇಬ್ಬರು ಹಿರಿಯರನ್ನು ಹತ್ತಿರದಿಂದ ನೋಡಿದ್ದಾರೆ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿದ್ದರು. ಒಂದು ಬೆಳಗ್ಗೆ ಮನೆ ಮುಂದೆ ಹಿಮ ಬಿದ್ದಿತ್ತು. ಬಿಳಿ ಅಂಗಿ, ಟೈ, ಎದೆ ಮೇಲೆ ಕಪ್ಪು ಹೆಸರುಪಟ್ಟಿ ಹಾಕಿಕೊಂಡ ಇಬ್ಬರು ಬಂದರು. ಸಲಿಕೆ ಇದೆಯಾ ಅಂತ ಕೇಳಿ ಮೆಟ್ಟಿಲಿನಿಂದ ರಸ್ತೆವರೆಗೆ ಹಿಮ ಎತ್ತಿ ಹಾಕಿದರು. ದುಡ್ಡು ಕೊಡಲು ಹೋದರೆ ಬೇಡ ಅಂದರು. ಒಳಗೆ ಬನ್ನಿ ಅಂದರೆ ಬರಲಿಲ್ಲ. ಮನೆಯಲ್ಲಿ ಗಂಡಸರಿಲ್ಲದಾಗ ಒಳಗೆ ಹೋಗಬಾರದು ಅನ್ನೋದು ಅವರ ನಿಯಮ.

‘ಕಾಫಿ ತಂದುಕೊಟ್ಟೆ, ಬೇಡ ಅಂದ್ವು. ಹೋಗ್ಲಿ, ಚಾ ಮಾಡ್ಲಾ ಅಂದೆ, ಅದೂ ಬೇಡ! ಎಂಥ ಮಕ್ಳು ಮಾರಾಯ, ನಮ್ಮನೆ ಕಾಫಿ ಕುಡಿದ್ರೆ ಜಾತಿ ಹೋಗ್ತದಾ ಅಂತ ಸಿಟ್ಟೇ ಬಂತು.’

ಸಿಟ್ಟಿಗೆ ಕಾರಣ ಇರಲಿಲ್ಲ. ಕಾಫಿ, ಚಹಾ, ಮದ್ಯ, ತಂಬಾಕು ನಾಲ್ಕೂ ಆ ಪಂಥದವರಿಗೆ ವರ್ಜ್ಯ. ಮಗಳು ಬಿಡಿಸಿ ಹೇಳಿದ ಮೇಲೆ ದೊಡ್ಡಮ್ಮ ಬೆಲ್ಲದ ನೀರು ಕೊಟ್ಟರು. ಅದನ್ನು ಕುಡಿದರು. ಚಕ್ಕುಲಿಯನ್ನೂ ತಿಂದರು. ಹೊರಡುವಾಗ ಒಂದು ಪುಸ್ತಕ ಕೊಡಲಾ ಅಂತ ಕೇಳಿದರು. ‘ನಮ್ಮನೇಲಿ ದೇವರಿದ್ದಾರೆ ಕಣಪ್ಪ, ಬೇಡ’ ಅಂತ ದೊಡ್ಡಮ್ಮ. ಮಗಳು ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಸರಿ ಅಂತ ನಕ್ಕು ಹೋದರಂತೆ.

ಈಗ ಹೇಳಿ, ಆ ಹಿಮ ಎತ್ತಿದ್ದು ಸೇವೆಯೋ, ಪುಸ್ತಕ ಕೊಡಲು ಮಾಡಿಕೊಂಡ ದಾರಿಯೋ? ನನಗನ್ನಿಸುವುದು ಎರಡೂ ಹೌದು. ಆ ಚರ್ಚೂ ಇದನ್ನು ಮುಚ್ಚಿಡುವುದಿಲ್ಲ. ವಯಸ್ಸಾದವರ ಅಂಗಳ ಗುಡಿಸುವುದು, ಮನೆ ಬದಲಾಯಿಸುವವರ ಸಾಮಾನು ಹೊರುವುದು, ಪುಕ್ಕಟೆ ಇಂಗ್ಲಿಷ್ ಕಲಿಸುವುದು, ನೆರೆ ಇಳಿದ ಮೇಲೆ ಮನೆಯ ಕೆಸರು ಬಾಚುವುದು, ಇವೆಲ್ಲ ಅವರ ದಿನಚರಿಯಲ್ಲೇ ಇವೆ. ಎದೆ ಮೇಲೆ ಹೆಸರುಪಟ್ಟಿಯೂ ಇರುತ್ತದೆ.

ಸೂಕ್ಷ್ಮ ಇರುವುದು ಪಡೆದುಕೊಳ್ಳುವವರ ಕಡೆ. ನಮ್ಮಲ್ಲಿ ಮುಯ್ಯಾಳು ಪದ್ಧತಿ ಇದೆಯಲ್ಲ. ನಿಮ್ಮ ಗದ್ದೆ ನಟ್ಟಿಗೆ ನಾನು ಬಂದರೆ ನನ್ನ ಗದ್ದೆಗೆ ನೀವು ಬರಬೇಕು. ಮುಯ್ಯಿ ತೀರಿಸದೆ ಕೂತರೆ ಊಟ ಇಳಿಯುವುದಿಲ್ಲ. ದೊಡ್ಡಮ್ಮನ ಚಕ್ಕುಲಿ ಆ ಮುಯ್ಯಿಯೇ. ಅವರ ಹತ್ತಿರ ಕೊಡಲು ಚಕ್ಕುಲಿ ಇತ್ತು, ಬೇಡ ಅನ್ನುವ ಧೈರ್ಯವೂ ಇತ್ತು. ಆಸ್ಪತ್ರೆ ಬಿಲ್ಲು ಕಟ್ಟಲಾಗದವನಿಗೆ, ಮಕ್ಕಳ ಫೀಸಿಗೆ ಒದ್ದಾಡುವವನಿಗೆ ಸಹಾಯ ಸಿಕ್ಕಿದಾಗ ಅವನು ಏನು ಕೊಟ್ಟು ತೀರಿಸಬೇಕು? ನಮ್ಮ ಕಡೆ ಮಿಷನರಿ ಅನ್ನುವ ಮಾತಿಗೆ ಕೆಲವರು ಹುಬ್ಬು ಗಂಟಿಕ್ಕುವುದು ಇದೇ ಕಾರಣಕ್ಕೆ. ಆ ಅನುಮಾನವನ್ನು ಸುಮ್ನೆ ತಳ್ಳಿಹಾಕೋಕೆ ಆಗಲ್ಲ. ಹಾಗಂತ ಸಹಾಯ ಮಾಡಿದವರೆಲ್ಲ ಗಾಳ ಹಾಕಿ ಕೂತವರು ಅನ್ನುವುದೂ ಅನ್ಯಾಯ ಅಲ್ವಾ?

ನಂಬಿಕೆಯನ್ನು ಹೊತ್ತು ದೂರ ಹೋಗುವುದು ಒಂದೇ ಧರ್ಮದ ಸ್ವತ್ತೂ ಅಲ್ಲ. ಅಶೋಕನ ಕಾಲದಲ್ಲಿ ರಕ್ಖಿತ ಎಂಬ ಭಿಕ್ಷುವನ್ನು ‘ವನವಾಸ’ಕ್ಕೆ ಕಳಿಸಿದರು ಅಂತ ಸಿಂಹಳದ ಹಳೆಯ ಬೌದ್ಧ ಚರಿತ್ರೆ ಹೇಳುತ್ತದೆ. ವಿದ್ವಾಂಸರು ಇದನ್ನು ಸೊರಬದ ಪಕ್ಕದ ಬನವಾಸಿ ಅಂತ ಗುರುತಿಸುತ್ತಾರೆ. ಒಂದು ಊರಲ್ಲಿ ನೆಲೆ ನಿಲ್ಲದೆ ತಿರುಗುತ್ತ ಅರಿವು ಹಂಚುವ ಜಂಗಮರೂ ನಮಗೆ ಹೊಸಬರಲ್ಲ. ಅಲ್ಲಮ ಹುಟ್ಟಿದ ಬಳ್ಳಿಗಾವೆ ಶಿಕಾರಿಪುರ ತಾಲ್ಲೂಕಿನಲ್ಲೇ ಇದೆ. ಮುಸ್ಲಿಮರಲ್ಲಿ ಜಮಾತ್‌ಗೆ ಹೋಗುವವರು 40 ದಿನ ಮನೆ ಬಿಟ್ಟು, ಸ್ವಂತ ಖರ್ಚಿನಲ್ಲಿ ಮಸೀದಿಯಿಂದ ಮಸೀದಿಗೆ ತಿರುಗುತ್ತಾರೆ. ಆದರೆ ಅವರು ಮಾತಾಡುವುದು ಹೆಚ್ಚಾಗಿ ತಮ್ಮವರ ಜೊತೆಗೇ.

ಕನ್ನಡಕ್ಕೆ ತೀರಾ ಹತ್ತಿರದವರು ಬಾಸೆಲ್ ಮಿಷನ್‌ನವರು. ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಿಂದ 1834ರಲ್ಲಿ ಮಂಗಳೂರಿಗೆ ಬಂದರು. ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಶುರುಮಾಡಿದರು. ಕಿಟ್ಟೆಲ್ 1853ರಲ್ಲಿ ಬಂದಾಗ ಅವರಿಗೆ ಬರೀ 21 ವರ್ಷ. ಅವರ ನಿಘಂಟು ಅಚ್ಚಾಗಿದ್ದು 1894ರಲ್ಲಿ. ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದರು. ಮಲೆನಾಡಿನ ಮಳೆ ತಡೆದ ಮಂಗಳೂರು ಹೆಂಚಿನ ಕಥೆ ಶುರುವಾಗುವುದು ಅಲ್ಲಿಂದ. ಬಾಸೆಲ್‌ನವರಿಗೂ ಇಂದು ಎರಡು ವರ್ಷಕ್ಕೆ ಮಿಷನ್‌ಗೆ ಹೋಗುವ ಈ ಹುಡುಗರಿಗೂ ದೊಡ್ಡ ವ್ಯತ್ಯಾಸ ಇದೆ. ಅವರು ಜೀವನದ ಬಹುಭಾಗವನ್ನೇ ಇದಕ್ಕೆ ಕೊಟ್ಟು ಬಂದವರು. ಇವರು ಮುಗಿಸಿಕೊಂಡು ಹೋಗಿ ಕಾಲೇಜು ಸೇರುತ್ತಾರೆ.

ಇದರ ಜೊತೆ ಕಲಸಿಕೊಳ್ಳುವ ಇನ್ನೊಂದು ಹೆಸರು ಪೀಸ್ ಕೋರ್. 1961ರಲ್ಲಿ ಅಮೆರಿಕ ಸರಕಾರ ಶುರುಮಾಡಿದ ಕಾರ್ಯಕ್ರಮ ಅದು. ಅಲ್ಲೂ ಯುವಕರು ಎರಡು ವರ್ಷ ಪರದೇಶಕ್ಕೆ ಹೋಗುತ್ತಾರೆ. ಆದರೆ ಧರ್ಮಪ್ರಚಾರ ಅವರ ಕೆಲಸ ಅಲ್ಲ, ಹಾಗಾಗಿ ಅವರು ಮಿಷನರಿಗಳಲ್ಲ.

ನಮ್ಮ ಕಾನೂನಿನ ಮಾತಿಗೆ ಬಂದರೆ, ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸುವ ಹಕ್ಕಿನ ಜೊತೆ ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. ಆದರೆ ಪ್ರಚಾರದ ಹಕ್ಕು ಅಂದರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಹೇಳಿತು. ನಿಮ್ಮ ನಂಬಿಕೆ ಏನು ಅಂತ ನೀವು ಹೇಳಬಹುದು. ಒಪ್ಪುವುದು ಬಿಡುವುದು ಕೇಳುವವರ ಮನಸ್ಸಾಕ್ಷಿಗೆ ಬಿಟ್ಟಿದ್ದು. ಹೊರದೇಶದಿಂದ ಈ ಕೆಲಸಕ್ಕೆ ಬರುವವರಿಗೆ ಮಿಷನರಿ ವೀಸಾ ಅಂತ ಬೇರೆಯೇ ಇದೆ. ಜೋಗ ನೋಡುತ್ತೇನೆ ಅಂತ ಟೂರಿಸ್ಟ್ ವೀಸಾದಲ್ಲಿ ಬಂದು ಊರಲ್ಲಿ ಧರ್ಮಪ್ರಚಾರದ ಸಭೆ ನಡೆಸುವ ಹಾಗಿಲ್ಲ.